ತುಂಗತ್ತೆಯ ಪಂಕ್ತಿ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ, ಸಿಟ್ಟು ಬರಿಸುತ್ತಾರೆ. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟ ಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಉಪ್ಪಿಟ್ಟು ಅಂತೀರಿ, ಉಪ್ಪೇ ಇಟ್ಟಿಲ್ವಲ್ಲ" ಎನ್ನುತ್ತಾರೆ. ಆಮೇಲೆ ಹುಡುಗಿಯ ಬಣ್ಣ, ನಡಿಗೆ, ಅಪ್ಪನ ನೌಕರಿ ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಯಾವ ಮೆಟ್ಟಿಲಲ್ಲಿ ಹುಡುಗಿಯ ತಾಳ್ಮೆ ಮುಗಿಯುತ್ತದೋ ಅಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕಿವಿಗೊಡುತ್ತಾರೆ, ಬಾಯಿಂದ ಯಾರು ಬರುತ್ತಾರೆ ಎಂದು.

ಏಕೆಂದರೆ ಸಿಟ್ಟು ಬಂದಾಗ ನಮ್ಮೂರಿನವರಿಗೆ ಅವರ ದನಿ ಇರುವುದಿಲ್ಲ. ಚಿಕ್ಕಂದಿನಲ್ಲಿ ಅವರನ್ನು ಎಲ್ಲರಿಗಿಂತ ಹೆಚ್ಚು ಹೆದರಿಸಿದವರ ಸಿಟ್ಟಿನ ದನಿ ಬರುತ್ತದೆ. ಆ ಹೆದರಿಸಿದವರಿಗೂ ಅದು ಹಿಂದಿನವರಿಂದ ಬಂದದ್ದು. ನಮ್ಮ ಬ್ಯಾಂಕಿನ ಮ್ಯಾನೇಜರು ಆರಡಿ ಆಳು, ಮೀಸೆ ಬೇರೆ. ಸಹಿ ಹೊಂದಲಿಲ್ಲವೆಂದರೆ ಮೂಗಿನಲ್ಲಿ ಮಾತಾಡುವ ಮುದುಕಿಯಾಗುತ್ತಾನೆ. "ಗಾಣದ ಮನೆ ಅಜ್ಜಿ ಬಂದ್ರು" ಎಂದು ಸಾಲಿನಲ್ಲಿರುವ ಹಿರಿಯರು ಎದ್ದು ನಿಲ್ಲುತ್ತಾರೆ. ಆ ಅಜ್ಜಿಯನ್ನು ಕಣ್ಣಿನಿಂದ ಕಂಡವರು ಈಗ ಯಾರೂ ಇಲ್ಲ. ಕಿವಿಯಿಂದ ಮಾತ್ರ ವಾರಕ್ಕೊಮ್ಮೆಯಾದರೂ ಕಾಣುತ್ತೇವೆ.

ನನ್ನನ್ನು ನೋಡಲು ಬಂದವರು ಉಪ್ಪಿಟ್ಟಿನಿಂದ ಹಿಡಿದು ನನ್ನ ಮೂಗಿನವರೆಗೆ ಬೈದರು. "ಮೂಗಿರೋದು ಮೂಸೋಕೆ, ನೀವು ಮೂದಲಿಸೋಕೆ ಇಟ್ಕೊಂಡಿದೀರಲ್ಲ" ಎಂದೆ. ಸಿಟ್ಟೇ ಇಲ್ಲದ ಹುಡುಗಿ ಎಂದು ಅಲ್ಲೇ ತಾಂಬೂಲ ಬದಲಾಯಿಸಿಬಿಟ್ಟರು. ನನಗೆ ಸಿಟ್ಟು ಬರಬೇಕಾದ ಜಾಗಕ್ಕೆ ಯಾವಾಗಲೂ ಒಂದು ಕೀಟಲೆ ಮೊದಲೇ ಬಂದು ಟವೆಲ್ ಹಾಕಿ ಸೀಟು ಹಿಡಿದಿರುತ್ತದೆ. ಓದಿದ್ದು ಎಂ.ಎ., ಮೊದಲು ಮಿಮಿಕ್ರಿ ಮಾಡಿದ್ದು ಎಮ್ಮೆ. ಎಮ್ಮೆಯಿಂದ ಪ್ರಿನ್ಸಿಪಾಲರಿಗೆ ಬಡ್ತಿ ಪಡೆದು, ಅಲ್ಲಿಂದ ಊರಿನ ಒಂದೊಂದು ಮನೆತನದ ಸಿಟ್ಟನ್ನೂ ಕಲಿತೆ. ಆರತಕ್ಷತೆಗಳಲ್ಲಿ ಬೀಗರ ಕಡೆಯ ಸಿಟ್ಟನ್ನೂ ಇವರ ಕಡೆಯ ಸಿಟ್ಟನ್ನೂ ಎದುರಾಬದುರು ಕೂರಿಸಿ ನಾನು ಮಾತಾಡಿಸುತ್ತಿದ್ದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಿಟ್ಟಿಲ್ಲದ ಸಿಟ್ಟು ಹಲ್ಲು ಕಿತ್ತ ಹಾವು; ಮಕ್ಕಳೂ ಬಾಲ ಹಿಡಿದು ಆಡಿಸುತ್ತಾರೆ.

ಪೊಲೀಸರು ನನ್ನನ್ನು ಕರೆಯತೊಡಗಿದ್ದು ಇದೇ ವಿದ್ಯೆಗಾಗಿ. ಬೇರೆ ಊರುಗಳಲ್ಲಿ ಕಳ್ಳನ ಮುಖ ಹೇಗಿತ್ತೆಂದು ಕೇಳಿ ಚಿತ್ರ ಬಿಡಿಸುತ್ತಾರಂತೆ. ನಮ್ಮಲ್ಲಿ ಸಾಕ್ಷಿಯನ್ನು ಎದುರಿಗೆ ಕೂರಿಸಿ ನಾನು ದನಿ ಬಿಡಿಸುತ್ತೇನೆ. "ಇನ್ನೂ ಸ್ವಲ್ಪ ದಪ್ಪ... ಅಷ್ಟಲ್ಲ... ಕೊನೇಲಿ ಎಳೀತಿದ್ದ" ಎಂದು ಅವರು ಹೇಳುತ್ತ ಹೋದಂತೆ ತಿದ್ದುತ್ತ ಹೋಗಬೇಕು. "ಇದೇ, ಇದೇ!" ಎಂದು ಸಾಕ್ಷಿಯ ರೋಮ ನಿಂತ ಕೂಡಲೇ ದಫೇದಾರ್ ಕರಿಬಸಪ್ಪ, "ಇದು ಸುಣ್ಣದ ಗೂಡಿನೋರ ದನಿ, ಹೊರಡ್ರಪ್ಪ" ಎಂದು ಟೋಪಿ ಹಾಕಿಕೊಳ್ಳುತ್ತಾರೆ. ಟೋಪಿ ಹಾಕುವವರನ್ನು ಹಿಡಿಯಲು ಟೋಪಿ ಹಾಕಿಕೊಂಡು ಹೋಗುವ ಏಕೈಕ ಇಲಾಖೆ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ. ಅವರು ಪ್ರತಿ ಸಲವೂ ನಗುತ್ತಾರೆ. ಒಳ್ಳೆಯ ಮನುಷ್ಯ.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ನಮ್ಮ ಎದುರು ಮನೆಯ ಹಾಸಿಗೆ ಹೊಲಿಯುವ ಶಂಭುವಿಗೆ ಸಿಟ್ಟು ಬಂತು. ಅವನಿಗೆ ಸಿಟ್ಟು ಬಂದದ್ದನ್ನು ಬೀದಿಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಅಪ್ಪನ ಕಾಲದಿಂದಲೂ ಹತ್ತಿಯ ವ್ಯಾಪಾರ. ಆ ಮನೆಯವರ ಮಾತೂ ಹತ್ತಿಯೇ, ಬಿದ್ದರೂ ಸದ್ದಾಗುತ್ತಿರಲಿಲ್ಲ. ಅವನ ಮಗಳು ನಿಮ್ಮಿ ಹೊಸ ಹಾಸಿಗೆಯ ಮೇಲೆ ಚಹಾ ಚೆಲ್ಲಿದಳಂತೆ. ಅವನ ಬಾಯಿಂದ ಒಬ್ಬ ಗಂಡಸು ಹೊರಬಂದ. ಆ ಮನೆತನದಲ್ಲಾಗಲಿ ಹೆಂಡತಿ ಕನಕಳ ಕಡೆಯಲ್ಲಾಗಲಿ ಯಾರೂ ಕೇಳಿರದ ಗಂಡಸು. ನಿಮ್ಮಿ ಮೇಜಿನ ಕೆಳಗೆ ಹೋಗಿ ಸಂಜೆಯವರೆಗೆ ಹೊರಬರಲಿಲ್ಲ. ಶಂಭು ಎದ್ದವನು ನೇರ ಸ್ಟೇಷನ್ನಿಗೆ ನಡೆದುಹೋಗಿ, "ನನ್ನೊಳಗೆ ಯಾರೋ ಇದಾರೆ, ನೋಡಿ" ಎಂದು ಇನ್‌ಸ್ಪೆಕ್ಟರ್ ನಾಗವೇಣಿಯ ಎದುರು ಕುಳಿತನಂತೆ. ಗಡ್ಡದಲ್ಲಿ ಇನ್ನೂ ಹತ್ತಿ ಸಿಕ್ಕಿಕೊಂಡಿತ್ತು ಎಂದು ಕರಿಬಸಪ್ಪ ಹೇಳಿದರು.

ನಾಗವೇಣಿ ಮೇಡಂ ನಮ್ಮೂರಿಗೆ ಹೊಸಬರು, ಆದರೆ ಬಂದ ತಿಂಗಳೇ ಹಳೆಯ ಕಡತಗಳನ್ನೆಲ್ಲ ಓದಿ ಮುಗಿಸಿದವರು. ಶಂಭುವಿನ ಅಕ್ಕ ನೀಲುವಿನ ಕೇಸು ಅವರಿಗೆ ನೆನಪಿತ್ತು. ಊರಿಗೂ ನೆನಪಿತ್ತು; ಅದನ್ನು ಯಾರೂ ಎತ್ತುತ್ತಿರಲಿಲ್ಲ, ಅಷ್ಟೆ. ನೀಲು ಏಳು ವರ್ಷದವಳಿದ್ದಾಗ, ಒಂದು ಮಧ್ಯಾಹ್ನ ತುಂಗತ್ತೆಯ ಮನೆಯ ಮಹಡಿ ಮೆಟ್ಟಿಲುಗಳ ಬುಡದಲ್ಲಿ ಸತ್ತುಬಿದ್ದಿದ್ದಳು.

ತುಂಗತ್ತೆ ಯಾರಿಗೂ ಅತ್ತೆಯಲ್ಲ, ಎಲ್ಲರಿಗೂ ಅತ್ತೆ. ಸಂತೆಗೆ, ಮಿಲ್ಲಿಗೆ, ಕಚೇರಿಗೆ ಹೋಗುವ ತಂದೆ ತಾಯಿ ಮಕ್ಕಳನ್ನು ಮಧ್ಯಾಹ್ನದ ಊಟಕ್ಕೆ ಅವರ ಮನೆಯಲ್ಲಿ ಬಿಡುತ್ತಾರೆ. ನಡುಮನೆಯಲ್ಲಿ ಮಕ್ಕಳ ಪಂಕ್ತಿ. ಊರಿನಲ್ಲಿ ಯಾರ ಸಿಟ್ಟಿನ ದನಿಯನ್ನೂ ಮಕ್ಕಳ ಕಿವಿಗೆ ಹಾಕಲು ಜನ ಹೆದರುವಾಗ, ಸಿಟ್ಟಿನ ದನಿಯೇ ಇಲ್ಲದ ಹೆಂಗಸು ಸಿಕ್ಕರೆ ಬಿಡುತ್ತಾರೆಯೇ? ಆ ಪಂಕ್ತಿಯಲ್ಲಿ ಜಾಗ ಬೇಕೆಂದರೆ ಮಗು ಹೊಟ್ಟೆಯಲ್ಲಿರುವಾಗಲೇ ಹೇಳಿಟ್ಟಿರಬೇಕು. ನಾನೂ ಐದನೇ ತಿಂಗಳಲ್ಲೇ ಹಣ್ಣು ಹೂವು ಹಿಡಿದುಕೊಂಡು ಹೋಗಿ ಹೇಳಿ ಬಂದಿದ್ದೆ. "ನಿನಗೂ ಇಲ್ಲೇ ತುತ್ತು ಇಟ್ಟಿದ್ದೆನಲ್ಲೇ ರೋಹಿಣಿ" ಎಂದು ಅವರು ನನ್ನ ಕೆನ್ನೆ ಸವರಿದ್ದರು.

ನೀಲು ಸತ್ತ ದಿನ ಬಳೆ ಮಾರುವವನೊಬ್ಬ ಆ ಗೋಡೆಯಾಚೆ ಹೋಗುತ್ತಿದ್ದ. ಒಳಗೆ ಗಂಡಸಿನ ದನಿ ಕೇಳಿದೆ ಎಂದು ಹೇಳಿಕೆ ಕೊಟ್ಟ. ಗಂಡಸಿನ ದನಿ ಹೆಂಗಸಿನ ಬಾಯಲ್ಲೂ ಇರಬಹುದೆಂದು ನಮ್ಮೂರಿನ ಪೊಲೀಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಗಿನ ಇನ್‌ಸ್ಪೆಕ್ಟರು ಪದ್ಧತಿಯಂತೆ ಮೊದಲು ತುಂಗತ್ತೆಗೇ ಸಿಟ್ಟು ಬರಿಸಲು ಹೋದರು. ಜೊತೆಗೆ ಹೋದವರು ಎಳೆಯ ಪೇದೆ ಕರಿಬಸಪ್ಪ.

"ಏನೇನು ಅಂದ್ವಿ ಗೊತ್ತೇನವ್ವ" ಎಂದು ಕರಿಬಸಪ್ಪ ಆ ಕಥೆಯನ್ನು ನನಗೆ ಎಷ್ಟೋ ಸಲ ಹೇಳಿದ್ದರು. "ಸಾಹೇಬ್ರು ಅವರ ಸಾರನ್ನ ಚರಂಡಿ ನೀರು ಅಂದ್ರು. ತುಂಗತ್ತೆ, 'ಹೌದೇನಪ್ಪ, ಇವತ್ತು ಬೇಳೆ ಕರಗಲಿಲ್ಲ' ಅಂತ ತುಪ್ಪ ಬಡಿಸಿದ್ರು. ಕೊಲೆಗಾತಿ ಅಂದ್ರು. 'ಹೊಟ್ಟೆ ಹಸಿದಾಗ ಬಾಯಿಗೆ ಏನೇನೋ ಬರುತ್ತೆ' ಅಂತ ಹಪ್ಪಳ ಹಾಕಿದ್ರು. ಕೊನೆಗೆ ಸಾಹೇಬ್ರು ಎರಡನೇ ಸಲ ಅನ್ನ ಹಾಕಿಸ್ಕೊಂಡ್ರು."

"ನೀವು?"

"ನಾನು ಮೂರನೇ ಸಲ."

ತನಿಖೆಗೆ ಬಂದವರು ತಿನ್ನೋಕೆ ಕೂತರು ಎಂದು ನಾನು ತಮಾಷೆ ಮಾಡುತ್ತಿದ್ದೆ. ಸಿಟ್ಟಿಲ್ಲದವಳು ಎಂದು ತುಂಗತ್ತೆಯನ್ನು ಬಿಟ್ಟರು. ಯಾರೋ ಹೊರಗಿನ ಗಂಡಸು ನುಗ್ಗಿರಬೇಕೆಂದು ಊರೆಲ್ಲ ಹುಡುಕಿದರು, ನೂರಾರು ಜನರಿಗೆ ಸಿಟ್ಟು ಬರಿಸಿ ಬೈಸಿಕೊಂಡರು. ಆ ದನಿ ಸಿಗಲಿಲ್ಲ. ಮಗು ಜಾರಿ ಬಿತ್ತು ಎಂದು ಕಡತ ಮುಚ್ಚಿದರು. ಮನೆಯಲ್ಲಿ ಹೀಗಾಯಿತಲ್ಲ ಎಂದು ತುಂಗತ್ತೆ ಅತ್ತರು. ಊರು ಅವರಿಗಾಗಿ ಮರುಗಿತು, ಮರುಕದಿಂದಲೇ ಇನ್ನೂ ಹೆಚ್ಚು ಮಕ್ಕಳನ್ನು ಕಳಿಸಿತು. ಆ ಮಧ್ಯಾಹ್ನ ಪಂಕ್ತಿಯಲ್ಲಿದ್ದವರು ನೀಲು ಮತ್ತು ಶಂಭು ಇಬ್ಬರೇ. ಉಳಿದ ಮಕ್ಕಳು ಯಾವುದೋ ಮದುವೆಗೆ ಹೋಗಿದ್ದರು. ನಾಲ್ಕು ವರ್ಷದ ಶಂಭು ವರ್ಷದವರೆಗೆ ಮಾತಾಡಲಿಲ್ಲ. ಮಾತು ಬಂದಾಗ ಆ ದಿನ ಅವನಲ್ಲಿ ಉಳಿದಿರಲಿಲ್ಲ.

ಈಗ ಸ್ಟೇಷನ್ನಿನಲ್ಲಿ ಕನಕ ನನ್ನೆದುರು ಕುಳಿತಿದ್ದಳು. ಗೋಡೆಗೆ ಒರಗಿ ಶಂಭು. ಕಿಟಕಿಯ ಬಿಸಿಲಿನಲ್ಲಿ ಅವನ ಅಂಗಿಯಿಂದ ಹಾರಿದ ಹತ್ತಿಯ ಎಳೆಗಳು ಕೆಳಗೆ ಬೀಳಲು ಮನಸ್ಸಿಲ್ಲದವರಂತೆ ತೇಲುತ್ತಿದ್ದವು.

"'ಚೆಲ್ತೀಯಾ' ಅಂದ್ರು ಇವ್ರು, ರೋಹಿಣಕ್ಕ. ಅಷ್ಟೇ ಅಂದಿದ್ದು. ಗಂಟಲು ಒಣಗಿದಂಗೆ ಇತ್ತು" ಎಂದಳು ಕನಕ.

ನಾನು ಒಣಗಿಸಿದೆ. "ಇನ್ನೂ ನಿಧಾನ" ಎಂದಳು. ನಿಧಾನ ಮಾಡಿದೆ. "ಹಲ್ಲಿನ ಸಂದೀಲಿ ಗಾಳಿ ಬರ್ತಿತ್ತು." ಗಾಳಿ ಬಿಟ್ಟೆ. ಸಾಮಾನ್ಯವಾಗಿ ಒಂದು ದನಿ ಹಿಡಿಯಲು ಅರ್ಧ ದಿನ ಬೇಕು. ಇದು ಮನೆ ಗೊತ್ತಿರುವ ಹಸುವಿನಂತೆ ತಾನೇ ನಡೆದುಬಂದು ಗಂಟಲಲ್ಲಿ ನಿಂತಿತು. "ಚೆಲ್ತೀಯಾ?" ಎಂದೆ. ಕನಕ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಶಂಭು ಗೋಡೆಗುಂಟ ಜಾರಿ ನೆಲಕ್ಕೆ ಕುಳಿತ. ನಾನು ನಿಲ್ಲಿಸಬೇಕಿತ್ತು. ದನಿ ನಿಲ್ಲಲಿಲ್ಲ. "ಚೆಲ್ತೀಯಾ? ನೆಕ್ಕು. ಕೈ ಹಿಂದೆ ಕಟ್ಕೊಂಡು ನೆಕ್ಕು. ಅತ್ರೆ ಇನ್ನೊಂದು ಸೌಟು."

ನಾಗವೇಣಿ ಮೇಡಂ ಹಳೆಯ ಕಡತ ಬಿಡಿಸಿ ಒಂದು ಹಾಳೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದರು: "ರೋಹಿಣಿಯವ್ರೇ, ಕನಕ ಹೇಳಿದ್ದು ಒಂದೇ ಮಾತು. ಉಳಿದದ್ದು ಬಳೆಯವನ ಹೇಳಿಕೆಯಲ್ಲಿದೆ. ಅದನ್ನ ನಾವು ಹೊರಗೆ ಬಿಟ್ಟೇ ಇಲ್ಲ. ನಿಮಗೆ ಹೇಗೆ ಬಂತು?"

ಏನಾದರೊಂದು ಕೀಟಲೆ ಮಾಡಲು ಬಾಯಿ ತೆರೆದೆ. ಟವೆಲ್ ಇತ್ತು, ಸೀಟು ಖಾಲಿಯಾಗಿತ್ತು. ನೋಡಿದರೆ ನನ್ನ ಎರಡೂ ಕೈಗಳು ನನ್ನ ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡಿದ್ದವು. ಬಿಡಿಸಲು ಕರಿಬಸಪ್ಪನವರೇ ಬರಬೇಕಾಯಿತು.

"ಬಿಡು ತಾಯಿ, ಬಿಡು. ಯಾರೂ ಇಲ್ಲ ಇಲ್ಲಿ" ಎಂದರು ಅವರು.

ಹೊಟ್ಟೆಯಲ್ಲಿ ಮಗು ಒಮ್ಮೆ ಒದೆಯಿತು. ಅದು ಕೇಳಿಸಿಕೊಂಡಿತು ಎಂದು ನನಗೆ ಅನ್ನಿಸಿತು. ಅದರ ಕಿವಿಗೆ ಬಿದ್ದ ನನ್ನ ಮೊದಲ ಸಿಟ್ಟಿನ ದನಿ ಅದು.

ಮೇಡಂ ನೀರು ಕೊಟ್ಟು, ಆಮೇಲೆ ಒಂದೊಂದೇ ಕೇಳಿದರು. ಶಂಭು ಓದಿದ ಶಾಲೆ ಬೇರೆ, ನಾನು ಓದಿದ್ದು ಬೇರೆ. ಚಿಕ್ಕಂದಿನಲ್ಲಿ ಅವನಿದ್ದದ್ದು ಹತ್ತಿ ಪೇಟೆ, ನಾನು ಕೆರೆಯಾಚೆ. ನಾನು ಅವನಿಗಿಂತ ದೊಡ್ಡವಳು. ಇಬ್ಬರೂ ಕೂತ ಒಂದೇ ಒಂದು ಜಾಗ ತುಂಗತ್ತೆಯ ಪಂಕ್ತಿ.

"ನೀಲು ಸತ್ತ ದಿನ ನೀವು ಅಲ್ಲಿದ್ರಾ?"

"ಇಲ್ಲ. ಅಷ್ಟರಲ್ಲಿ ನನ್ನನ್ನ ಬಿಡಿಸಿ ಎರಡು ವರ್ಷ ಆಗಿತ್ತು."

"ಹಾಗಿದ್ರೆ ಈ ದನಿ ಆವತ್ತೊಂದು ದಿನ ಹೊರಗಿಂದ ನುಗ್ಗಿದ್ದಲ್ಲ" ಎಂದರು ಮೇಡಂ. "ಅದು ಆ ಮನೇಲಿ ದಿನಾ ಇತ್ತು."

"ಆದ್ರೆ ತುಂಗತ್ತೆಗೆ ಸಿಟ್ಟೇ ಬರಲ್ಲ ಮೇಡಂ! ನಾನೇ ಕಣ್ಣಾರೆ..." ಎಂದ ಕರಿಬಸಪ್ಪ ಅಲ್ಲಿಗೇ ನಿಲ್ಲಿಸಿದರು.

"ಬರುತ್ತೆ. ನಿಮ್ಮ ಮೇಲೆ ಬರಲ್ಲ" ಎಂದರು ಮೇಡಂ. "ನೀವು ಸಾಹೇಬ್ರು. ನೀವು ವಾಪಸ್ ಹೊಡೀಬಲ್ಲಿರಿ. ಎಷ್ಟು ಎತ್ತರದವರ ಮೇಲೆ ಬರುತ್ತೆ ಅಂತ ಯಾರೂ ನೋಡಲಿಲ್ಲ."

ಹಾಗಿದ್ದರೆ ಆ ಪಂಕ್ತಿಯಲ್ಲಿ ಉಂಡ ಊರೆಲ್ಲದರ ಬಾಯಲ್ಲೂ ಆ ದನಿ ಯಾಕೆ ಇಲ್ಲ ಎಂದು ಕನಕ ಕೇಳಿದಳು. ಉತ್ತರ ನನಗೇ ಹೊಳೆಯಿತು. ಮನೆಯಲ್ಲಿ ಅಪ್ಪನೋ ಅಜ್ಜಿಯೋ ಗದರುವ ಮಕ್ಕಳ ಗಂಟಲಿಗೆ ಆಗಲೇ ಬಾಡಿಗೆದಾರರು ಬಂದಿರುತ್ತಾರೆ. ನಮ್ಮಂಥ ಮೆತ್ತನೆಯ ಮನೆಯ ಮಕ್ಕಳದು ಖಾಲಿ ಸೈಟು. ಮೊದಲು ಬಂದವರು ಬೇಲಿ ಹಾಕಿಕೊಳ್ಳುತ್ತಾರೆ.

ಅಷ್ಟು ಹೊತ್ತು ನೆಲದ ಮೇಲೆಯೇ ಇದ್ದ ಶಂಭು ತಲೆ ಎತ್ತಿದ. "ನಿಮ್ಮೀನೂ ಅಲ್ಲೇ ಊಟಕ್ಕೆ ಹೋಗ್ತಾಳೆ" ಎಂದ. ಅದನ್ನು ಹೇಳಿದ್ದು ಅವನದೇ ಮೆತ್ತನೆಯ ದನಿ. ಅದಕ್ಕೇ ಕೇಳಿ ತಡೆಯಲಾಗಲಿಲ್ಲ.

ನಮ್ಮೂರಿನ ಕೋರ್ಟು ಕೇಳುವುದು ಒಂದೇ ಸಾಕ್ಷಿ: ಆರೋಪಿಯ ಸಿಟ್ಟಿನ ದನಿಯನ್ನು ಇಬ್ಬರು ಪೊಲೀಸರು ಕಿವಿಯಾರೆ ಕೇಳಿರಬೇಕು. ತುಂಗತ್ತೆಯ ದನಿ ಕೇಳಬೇಕಾದರೆ ಅವರ ಎದುರಿಗೆ ಒಂದು ಮಗುವನ್ನು ಕೂರಿಸಬೇಕು. "ಅದು ಆಗಲ್ಲ" ಎಂದು ಮೇಡಂ ಕಡತ ಮುಚ್ಚಿದರು. "ಇನ್ನೊಂದು ಮಗುವನ್ನ ಅಲ್ಲಿ ಕೂರಿಸಿ ಗೆಲ್ಲೋ ಕೇಸು ನನಗೆ ಬೇಡ."

"ಮಗು ಬೇಡ ಮೇಡಂ, ನಾನು ಕೂರ್ತೀನಿ" ಎಂದೆ. "ತುಂಗತ್ತೆಗೆ ಕಣ್ಣಿಗೆ ಪೊರೆ ಬಂದಿದೆ. ಕಿವಿ ಮಾತ್ರ ಚುರುಕು. ಮಗುವಿನ ದನಿ ನಾನು ಕೊಡ್ತೀನಿ."

"ಈ ಹೊತ್ತಿನಲ್ಲಾ?" ಎಂದು ಅವರು ನನ್ನ ಹೊಟ್ಟೆ ನೋಡಿದರು.

"ಈ ಹೊತ್ತಿಗೇ ಆಗ್ಬೇಕು. ಒಂದು ಕೇಳ್ಲಾ? ಅವರು ಸಿಕ್ಕಿಬಿದ್ರೆ ಇದು ನನ್ನ ಗಂಟಲು ಬಿಟ್ಟು ಹೋಗುತ್ತಾ? ನನ್ನ ಮಗು ಇದನ್ನ ಕೇಳಿಸ್ಕೊಳ್ಳೋ ಹಾಗಾಗಬಾರದು."

ಬೇರೆ ಅಧಿಕಾರಿಯಾಗಿದ್ದರೆ ಹೌದು ಎನ್ನುತ್ತಿದ್ದರು. ನಾಗವೇಣಿ ಮೇಡಂ, "ಗೊತ್ತಿಲ್ಲ. ಯಾರೂ ನೋಡಿಲ್ಲ" ಎಂದರು.

ಶಾಲೆಗೆ ರಜೆ ಇದ್ದ ಒಂದು ಮಧ್ಯಾಹ್ನ ಹೋದೆವು. ಪಂಕ್ತಿ ಇರಲಿಲ್ಲ. ನಡುಮನೆ ನಾನು ನೆನೆದದ್ದಕ್ಕಿಂತ ತುಂಬ ಸಣ್ಣದು. ಗವಾಕ್ಷಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ಒಂದು ತಟ್ಟೆಯಷ್ಟು ಅಗಲಕ್ಕೆ ಕುಳಿತಿತ್ತು. ಮೂಲೆಯಲ್ಲಿ ಮಹಡಿಯ ಮೆಟ್ಟಿಲು. ಒಗ್ಗರಣೆಯ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು, ಬೆನ್ನಲ್ಲಿ ಬೆವರಿಳಿಯಿತು. ಮೇಡಂ ಮತ್ತು ಕರಿಬಸಪ್ಪ ಹೊರಬಾಗಿಲ ಮರೆಯಲ್ಲಿ ನಿಂತರು. ನಾನು ಗೋಡೆಗೆ ಬೆನ್ನು ಕೊಟ್ಟು, ಆ ಹೊಟ್ಟೆ ಹೊತ್ತುಕೊಂಡು, ಹೇಗೋ ಚಕ್ಕಂಬಕ್ಕಲ ಹಾಕಿ ಕುಳಿತೆ.

"ಯಾರದು?" ಎಂದು ಅಡುಗೆಮನೆಯಿಂದ ಕೇಳಿದರು.

"ನಾನು ಅತ್ತೆ" ಎಂದೆ, ಐದು ವರ್ಷದ ದನಿಯಲ್ಲಿ. ಅದನ್ನು ನಾನು ಯಾರಿಂದಲೂ ಕಲಿತಿರಲಿಲ್ಲ. "ಅಮ್ಮ ಬಿಟ್ಟು ಹೋದ್ಲು. ಹೊಟ್ಟೆ ಹಸೀತಿದೆ."

"ಅಯ್ಯೋ ಕಂದ, ರಜೆ ದಿನಾನೂ ಬಿಟ್ಟು ಹೋದಳಾ?" ಎಂದು ಅಕ್ಕರೆಯಿಂದ ಬಂದರು. ಕಣ್ಣುಗಳಲ್ಲಿ ಹಾಲಿನ ಕೆನೆ. ತಟ್ಟೆ ಇಟ್ಟರು, ಅನ್ನ ಬಡಿಸಿದರು, ಸಾರು ಹಾಕಿದರು. ಕೈ ನಡುಗಿದರೂ ಒಂದು ಹನಿ ಆಚೆ ಬೀಳಲಿಲ್ಲ. ಎಂಥ ಸಾರು! ಇಂಥ ಸಾರು ಮಾಡುವ ಕೈ ಇದು ಎಂದು ಮನಸ್ಸು ಒಂದು ಕ್ಷಣ ಎದ್ದು ಹೊರಟೇಬಿಟ್ಟಿತ್ತು. ಆಮೇಲೆ ನಾನು ತಟ್ಟೆಯನ್ನು ಮಗುಚಿದೆ.

ಸ್ಟೀಲು ತಟ್ಟೆ ಗಿರಗಿರನೆ ತಿರುಗಿ, ಸದ್ದು ಸಣ್ಣದಾಗುತ್ತ ಹೋಗಿ, ನಿಂತಿತು. ತುಂಗತ್ತೆ ಹೊರಬಾಗಿಲ ಕಡೆಗೆ ಕಿವಿ ತಿರುಗಿಸಿದರು. ದೊಡ್ಡವರ ಹೆಜ್ಜೆ ಇಲ್ಲ. ಆಗ ಅವರ ಮುಖ ಏನೂ ಬದಲಾಗಲಿಲ್ಲ. ಅದೇ ಅಕ್ಕರೆ, ಅದೇ ನಗು. ಬಾಯಿ ಮಾತ್ರ ಬೇರೆಯವರದಾಯಿತು.

"ಚೆಲ್ತೀಯಾ?"

"ಸಾರಿ ಅತ್ತೆ" ಎಂದೆ ಪುಟ್ಟ ದನಿಯಲ್ಲಿ.

"ನೆಕ್ಕು. ಕೈ ಹಿಂದೆ ಕಟ್ಕೊಂಡು ನೆಕ್ಕು. ಅತ್ರೆ ಇನ್ನೊಂದು ಸೌಟು." ಸೌಟು ಮೇಲೆದ್ದಿತು. ಅದರ ತುದಿಯಿಂದ ಆವಿ ಏಳುತ್ತಿತ್ತು.

ಇಬ್ಬರು ಪೊಲೀಸರು ಕೇಳಿಸಿಕೊಂಡಿದ್ದರು. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ನಾನು ಸೌಟನ್ನು ನೋಡುತ್ತಿದ್ದೆ, ಹೊಟ್ಟೆಯೊಳಗಿನದು ತಿರುಗಿ ಮಗ್ಗುಲಾಯಿತು, ಮತ್ತು ನನಗೆ ಜನ್ಮದಲ್ಲಿ ಮೊದಲ ಸಲ ಸಿಟ್ಟು ಬಂತು. ಮಿಮಿಕ್ರಿಯಲ್ಲ. ಪಾದದಿಂದ ಹೊರಟು ಮೊಣಕಾಲು, ಬಸಿರು, ಎದೆ ಎಲ್ಲ ಸುಡುತ್ತ ಗಂಟಲಿಗೆ ಬಂತು. ಬಾಯಿ ತೆರೆದರೆ ಅದೇ ದನಿ.

"ಕೆಳಗಿಡು" ಎಂದೆ.

ಆ ಕೋಣೆಯಲ್ಲಿ ಒಬ್ಬನೇ ಗಂಡಸು ಎರಡು ಕಡೆಯಿಂದ ಮಾತಾಡಿದಂತಾಯಿತು. ತುಂಗತ್ತೆಯ ಕೈಯಿಂದ ಸೌಟು ಬಿತ್ತು. ಅವರು ಹಿಂದೆ ಸರಿದು, ಮೆಟ್ಟಿಲ ಮೂಲೆಗೆ ಆನಿಕೊಂಡು, ಮಂಡಿಯೂರಿ ಎರಡೂ ತೋಳುಗಳನ್ನು ತಲೆಯ ಮೇಲೆ ಹೊದ್ದುಕೊಂಡರು. ಸೀರೆಯ ಸೆರಗಿನೊಳಗಿಂದ ಒಂದು ಚಿಕ್ಕ ಹುಡುಗಿಯ ದನಿ ಬಂತು; ಅಷ್ಟು ಚಿಕ್ಕ ದನಿಯನ್ನು ನಾನು ಕೂಡ ಮಾಡಲಾರೆ.

"ಇಲ್ಲ ದೊಡ್ಡಪ್ಪ. ಚೆಲ್ಲಲ್ಲ ದೊಡ್ಡಪ್ಪ. ಇನ್ಮೇಲೆ ಚೆಲ್ಲಲ್ಲ. ನೆಕ್ತೀನಿ, ನೆಕ್ತೀನಿ."

ಮತ್ತು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನೆಲಕ್ಕೆ ಬಾಗಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಬೇಡ ಅತ್ತೆ, ಬೇಡ, ಎಂದು ನಾನೂ ತೆವಳಿಕೊಂಡು ಹೋಗಿ ಅವರ ತಲೆಯನ್ನು ಎರಡೂ ಕೈಯಿಂದ ಹಿಡಿದೆ. ನನ್ನ ಅಂಗೈಯಲ್ಲಿ ಅವರ ಬಿಳಿ ಕೂದಲು ಶಂಭುವಿನ ಹತ್ತಿಯಷ್ಟೇ ಹಗುರ. ಒಳಗೆ ಬಂದ ಕರಿಬಸಪ್ಪ ಗೋಡೆಯ ಕಡೆಗೆ ಮುಖ ಮಾಡಿಕೊಂಡು ನಿಂತರು. ಆ ನೆಲದ ಮೇಲೆ ಮೂರು ಸಲ ಅನ್ನ ಹಾಕಿಸಿಕೊಂಡವರು.

ಸ್ವಲ್ಪ ಹೊತ್ತಿಗೆ ತುಂಗತ್ತೆ ತಮ್ಮ ವಯಸ್ಸಿಗೆ ಮರಳಿದರು. ಮೇಡಂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಬೇರೆ ಯಾರದೋ ಅಡುಗೆಯ ಬಗ್ಗೆ ಹೇಳುವವರಂತೆ. ಅಪ್ಪ ಅಮ್ಮ ಇಲ್ಲದವರು, ದೊಡ್ಡಪ್ಪನ ಮನೆಯಲ್ಲಿ ಬೆಳೆದವರು. ಆ ದಿನ ಶಂಭು ಮಜ್ಜಿಗೆ ಚೆಲ್ಲಿದ್ದ. ಅವನು ಬಗ್ಗುವ ಮೊದಲೇ ನೀಲು ತನ್ನ ಲಂಗದಿಂದ ನೆಲ ಒರೆಸಿಬಿಟ್ಟಳು. ಆಮೇಲೆ ತನ್ನ ತಟ್ಟೆಯನ್ನೂ ಬೇಕೆಂದೇ ಮಗುಚಿ ಅವರನ್ನೇ ನೋಡುತ್ತ ನಿಂತಳು.

"ಹಾಗೆ ನೋಡೋ ಧೈರ್ಯ ನನಗೆ ಯಾವತ್ತೂ ಬರಲಿಲ್ಲಮ್ಮ. ಅದು ಹೇಗೆ ನೋಡ್ತಾಳೆ ಇವಳು ಅಂತ..." ಎಂದು ತುಂಗತ್ತೆ ನಿಲ್ಲಿಸಿದರು. ನೀಲು ತಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿ ಓಡಿದ್ದಳು. ಕೆಳಗಿನಿಂದ ಅವರು ಲಂಗ ಹಿಡಿದು ಎಳೆದಿದ್ದರು.

ಜೀಪಿನ ಹತ್ತಿರ ಕರಿಬಸಪ್ಪ ಕೇಳಿದರು: "ಆ ದೊಡ್ಡಪ್ಪನ ಹೆಸರೂ ಹಾಕ್ಬೇಕಲ್ವಾ ಮೇಡಂ? ಮೂಲ ಅವನೇ ಅಲ್ವಾ?"

"ಅವನು ಚಿಕ್ಕವನಿದ್ದಾಗ ಯಾರ ಮನೇಲಿ ಉಣ್ತಿದ್ದ ಅಂತ ನಿಮಗೆ ಗೊತ್ತಾ?" ಎಂದರು ಮೇಡಂ. ಕರಿಬಸಪ್ಪ ಇಲ್ಲವೆಂದು ತಲೆಯಾಡಿಸಿದರು. "ನನಗೂ ಗೊತ್ತಿಲ್ಲ. ಹೆದರಿಸಿಕೊಂಡಿದ್ದು ಈಯಮ್ಮನ ತಪ್ಪಲ್ಲ ದಫೇದಾರ್ರೇ. ಹೆದರಿಸಿದ್ದು ಈಯಮ್ಮನೇ. ಕೇಸು ಅದಕ್ಕೆ."

ಊರು ಕೆಲವು ದಿನ ತನ್ನ ಎಲ್ಲ ದನಿಗಳಲ್ಲೂ ಬೈದಾಡಿತು. ಆಮೇಲೆ ಮಧ್ಯಾಹ್ನದ ಊಟಕ್ಕೆ ಮಕ್ಕಳನ್ನು ಎಲ್ಲಿ ಬಿಡುವುದು ಎಂಬ ಚಿಂತೆ ಹತ್ತಿಕೊಂಡಿತು. ಈಗ ಸರದಿಯ ಮೇಲೆ ನಡೆಯುತ್ತದೆ. ಬಡಿಸಲು ಇಬ್ಬರು ದೊಡ್ಡವರು ಇರಲೇಬೇಕು, ಬೇರೆ ಬೇರೆ ದನಿಯವರು, ಬಾಗಿಲು ತೆರೆದಿರಬೇಕು. ಸಿಟ್ಟಿಲ್ಲದವರು ಎಂದು ಹೇಳಿಕೊಂಡು ಬಂದರೆ ಯಾರೂ ಸೌಟು ಕೊಡುವುದಿಲ್ಲ.

ನನಗೆ ಮಗಳು ಹುಟ್ಟಿದಳು. ಚಾರು ಎಂದು ಹೆಸರಿಟ್ಟೆವು. ಇಷ್ಟೆಲ್ಲ ಆದಮೇಲೂ ಸಾರಿಗೆ ಪ್ರಾಸ ಬರುವ ಹೆಸರೇ ಬೇಕಿತ್ತಾ ಎಂದು ಕನಕ ನಕ್ಕಳು. ದನಿ ಗಂಟಲು ಬಿಟ್ಟು ಹೋಗಲಿಲ್ಲ. ತುಂಗತ್ತೆ ಜೈಲು ಸೇರಿದ ದಿನವೂ ಇತ್ತು, ಅಲ್ಲೇ ತೀರಿಕೊಂಡರೆಂದು ಸುದ್ದಿ ಬಂದ ದಿನವೂ ಇತ್ತು. ಶಂಭುವಿನಲ್ಲೂ ಇತ್ತು. ಬೀದಿಯ ಈ ಕಡೆ ನಾನು, ಆ ಕಡೆ ಅವನು, ನಡುವೆ ಟಾರು ರಸ್ತೆ. ಒಂದು ದಿನ ಅವನೇ ರಸ್ತೆ ದಾಟಿ ಬಂದು ಜಗುಲಿಯ ಮೇಲೆ ಕುಳಿತ.

"ರೋಹಿಣಕ್ಕ, ಬರುತ್ತೆ ಅಂತ ಸ್ವಲ್ಪ ಮೊದಲೇ ಗೊತ್ತಾಗುತ್ತೆ ಅಲ್ವಾ? ಗಂಟಲು ಒಣಗುತ್ತೆ."

"ಹೂಂ. ಕೈ ಹಿಂದಕ್ಕೆ ಹೋಗುತ್ತೆ."

"ಆಗ ನಾನು ನಿಮ್ಮಿಗೆ ಸನ್ನೆ ಮಾಡ್ತೀನಿ. ನಿಮ್ಮನೆಗೆ ಕಳಿಸ್ಲಾ?"

"ಕಳ್ಸು. ಚಾರು ನಡೆಯೋ ಹಾಗಾದ್ಮೇಲೆ ನಾನೂ ಕಳಿಸ್ತೀನಿ."

ಹಾಗೆಯೇ ನಡೆದುಬಂತು. ಮಕ್ಕಳಿಗೆ ಏನನ್ನೂ ಮುಚ್ಚಿಡಲಿಲ್ಲ. ಇದು ಅಮ್ಮನ ದನಿ ಅಲ್ಲ, ಆದರೂ ಅಮ್ಮನ ಬಾಯಲ್ಲಿ ಬರುತ್ತೆ, ಬಂದರೆ ತಪ್ಪು ಅಮ್ಮನದೇ ಎಂದು ಹೇಳಿದೆವು. ನಾನು ಬಾಯಿಯ ಮೇಲೆ ಅಂಗೈ ಇಟ್ಟರೆ ಚಾರು ತನ್ನ ತಟ್ಟೆ ಎತ್ತಿಕೊಂಡು ಚಪ್ಪಲಿ ಹಾಕಿಕೊಂಡು ಹೊರಡುತ್ತಾಳೆ. ಎದುರು ಬಾಗಿಲಲ್ಲಿ ಶಂಭು ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತಾನೆ. ಆ ಕಡೆಯಿಂದ ನಿಮ್ಮಿ ಬಂದರೆ ನಾನು. ಒಂದೇ ಹಾವು ಇಬ್ಬರ ಹುತ್ತದಲ್ಲೂ ಒಂದೇ ಸಲ ಹೆಡೆ ಎತ್ತುವುದಿಲ್ಲ ಎಂದು ಅದು ಹೇಗೋ ನಂಬಿಕೊಂಡಿದ್ದೆವು.

ಚಾರುವಿಗೆ ನಾಲ್ಕು ತುಂಬಿದ ಬೇಸಿಗೆ. ಮಧ್ಯಾಹ್ನ. ಊಟದ ನಡುವೆ ಅವಳು ಮೊಸರಿನ ಬಟ್ಟಲನ್ನು ಮೊಣಕೈಯಿಂದ ತಳ್ಳಿದಳು. ಮೊಸರು ನೆಲದ ಮೇಲೆ ನಿಧಾನವಾಗಿ ಹರಿಯಿತು. ನನ್ನ ಗಂಟಲು ಒಣಗಿತು, "ಚೆ" ಎಂಬ ಅಕ್ಷರ ಹಲ್ಲಿನ ಸಂದಿಗೆ ಬಂದು ನಿಂತಿತು. ಅಂಗೈಯಿಂದ ಬಾಯಿ ಮುಚ್ಚಿದೆ. ಚಾರು ನನ್ನ ಮುಖ ನೋಡಿದಳು, ಅಳಲಿಲ್ಲ, ತಟ್ಟೆ ಎತ್ತಿಕೊಂಡಳು, ಹೊರಟಳು. ನಾನು ಬಾಗಿಲವರೆಗೆ ಹೋಗಿ ನೋಡಿದರೆ ಎದುರು ಬಾಗಿಲಿನಿಂದ ನಿಮ್ಮಿ ತಟ್ಟೆ ಹಿಡಿದುಕೊಂಡು ಇಳಿಯುತ್ತಿದ್ದಳು. ಅವಳ ಹಿಂದೆ ಶಂಭು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು.

ಇಬ್ಬರೂ ರಸ್ತೆಯ ನಡುವೆ ಎದುರಾದರು. ಚಾರು ಆ ಬಾಗಿಲು ನೋಡಿದಳು, ನಿಮ್ಮಿ ಈ ಬಾಗಿಲು ನೋಡಿದಳು.

"ನಿಮ್ಮಮ್ಮಂಗೂ ಬಂದಿದ್ಯಾ?" ಎಂದಳು ನಿಮ್ಮಿ.

"ಹೂಂ. ನಿಮ್ಮಪ್ಪಂಗೂ?"

"ಹೂಂ. ನಿನ್ನ ತಟ್ಟೇಲಿ ಏನಿದೆ?"

"ಮೊಸರನ್ನ. ಮೊಸರು ಚೆಲ್ಲೋಯ್ತು, ಬರೀ ಅನ್ನ."

"ನನ್ನತ್ರ ಪಲ್ಯ ಇದೆ, ಕೂತ್ಕೊ."

ನಿಮ್ಮಿ ಬಗ್ಗಿ ಬಿಸಿ ಟಾರನ್ನು ಮುಟ್ಟಿ ನೋಡಿ, ಮನೆಯ ನೆರಳು ಬಿದ್ದ ಕಡೆಗೆ ಚಾರುವನ್ನು ಒಂದು ಹೆಜ್ಜೆ ಎಳೆದಳು. ಇಬ್ಬರೂ ಕುಳಿತರು. ಮಧ್ಯಾಹ್ನದ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡು ಅವರಿಗೆ ಎರಡು ಮಾರು ದೂರದಲ್ಲಿ ನಿಂತಿತು. ಊರಿನಲ್ಲೇ ಅತಿ ಕೆಟ್ಟ ಸಿಟ್ಟಿನ ದನಿ ಇರುವ ಡ್ರೈವರು ಅವನು. ಹಾರ್ನಿನ ಮೇಲೆ ಇಟ್ಟ ಕೈಯನ್ನು ತೆಗೆದು, ಈ ಬಾಗಿಲಲ್ಲಿ ನನ್ನನ್ನೂ ಆ ಬಾಗಿಲಲ್ಲಿ ಶಂಭುವನ್ನೂ ನೋಡಿ, ಎಂಜಿನ್ ಆಫ್ ಮಾಡಿದ. ಬೀದಿಯಲ್ಲಿ ಆಗ ಇದ್ದದ್ದು ಮಕ್ಕಳು ಅನ್ನ ಕಲೆಸುವ ಸದ್ದು ಮಾತ್ರ. ನಿಮ್ಮಿ ತುತ್ತು ಮಾಡಿ ಕೊಡುತ್ತಿದ್ದಳು, ಚಾರು ಅರ್ಧ ತಿಂದು ಅರ್ಧ ಚೆಲ್ಲುತ್ತಿದ್ದಳು. ಶಂಭುವೂ ನಾನೂ ಬಾಯಿಯ ಮೇಲಿನ ಕೈ ತೆಗೆಯದೆ, ಅವರಲ್ಲಿ ಯಾರಾದರೂ ತಲೆ ಎತ್ತಿ ಕರೆಯಲಿ ಎಂದು ನಿಂತೇ ಇದ್ದೆವು.